ಕಿತ್ತ ಹೂವು

ಮಾರ್ಚ್ 9, ಭಾನುವಾರ

ನಮ್ಮ ಗಿಡಪ್ರಿಯರ ಕ್ಲಬ್ಬಿನ ಪ್ರದರ್ಶನದಲ್ಲಿ ನನ್ನ ಕಳ್ಳಿ ಗಿಡಕ್ಕೆ ಮೊದಲ ಬಹುಮಾನ ಬಂತು. ಬಾರದಿದ್ದರೇ ಚೆನ್ನಾಗಿತ್ತು.

ಪಕ್ಕದಲ್ಲಿ ಆಸ್ಪತ್ರೆಯ ನರ್ಸಮ್ಮ ಇಟ್ಟಿದ್ದ ಗುಂಡು ಕಳ್ಳಿಯ ನೆತ್ತಿಯ ಮೇಲೆ ಒಂದೇ ಒಂದು ಹೂವಿತ್ತು. ಅಂಗಡಿಯವರು ಕಳ್ಳಿಗೆ ಒಣಹೂವು ಅಂಟಿಸಿ ಮಾರುತ್ತಾರೆ. ಆ ಮೋಸ ಕಂಡುಹಿಡಿಯಲು ಕ್ಲಬ್ಬಿನಲ್ಲಿ ನನ್ನನ್ನು ಬಿಟ್ಟರೆ ಯಾರೂ ಇಲ್ಲ ಎಂಬ ಜಂಬ ನನಗೆ. ತೀರ್ಪುಗಾರರು ಬಂದದ್ದೇ ತಡ, "ಇದು ಅಂಟಿಸಿದ್ದು ಸಾರ್, ನೋಡಿ ಬೇಕಾದ್ರೆ" ಎಂದು ಹೂವನ್ನು ಎಳೆದೇಬಿಟ್ಟೆ. ಕಿತ್ತ ಜಾಗದಲ್ಲಿ ಹಸಿ ರಸ ಜಿನುಗಿತು.

ನಾನು ಕ್ಲಬ್ಬಿನ ಕಾರ್ಯದರ್ಶಿಯಲ್ಲವೇ, ತೀರ್ಪುಗಾರರು ಮುಂದಿನ ಕುಂಡದತ್ತ ನಡೆದುಬಿಟ್ಟರು. ನರ್ಸಮ್ಮ ಕರವಸ್ತ್ರದ ತುದಿಯನ್ನು ಗಾಯದ ಮೇಲೆ ಒತ್ತಿ ಹಿಡಿದರು, ಸೂಜಿ ಚುಚ್ಚಿದ ಮೇಲೆ ಮಗುವಿನ ತೋಳಿಗೆ ಒತ್ತುವಂತೆ. "ಹೋಗ್ಲಿ ಬಿಡಿ. ಮೊದಲ್ನೇ ಸಲ ಬಿಟ್ಟಿತ್ತು" ಅಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕ್ಷಮಿಸಿ ಎನ್ನಲು ಬಾಯಿ ಬರಲಿಲ್ಲ. ಕಪ್ ತೆಗೆದುಕೊಳ್ಳಲು ಮಾತ್ರ ಕೈ ಮುಂದೆ ಹೋಯಿತು.

"ಗೆದ್ದು ಬಂದೋರ ಮುಖಾನಾ ಇದು?" ಎಂದಳು ಹೆಂಡತಿ.

ಜೇಬಿನಲ್ಲಿದ್ದ ಹೂವನ್ನು ಕಪ್ಪಿನ ಪಕ್ಕ ಇಟ್ಟಿದ್ದೆ. ಸಂಜೆಯಾಗುತ್ತಲೇ, ಇನ್ನೂ ಗಿಡದಲ್ಲೇ ಇರುವಂತೆ, ಎಸಳು ಮುಚ್ಚಿಕೊಂಡಿತು. ಅಂಟಿಸಿದ ಹೂವು ಮುಚ್ಚುವುದಿಲ್ಲ, ಸಂಜೆಯವರೆಗೆ ಕಾದು ನೋಡಿ ಎಂದು ಹೊಸಬರಿಗೆಲ್ಲ ಹೇಳಿಕೊಡುವವನು ನಾನೇ.

ನಾಳೆ ನರ್ಸಮ್ಮನ ಮನೆಗೆ ಹೋಗಬೇಕು. ಯಾವ ಮುಖ ಹೊತ್ತುಕೊಂಡು ಹೋಗಲಿ?