ಹಸಿರು ಕೋಟಿನವಳೂ ನೀಲಿ ವೆಲ್ವೆಟ್ಟೂ

27ನೇ ತಾರೀಕು, ಭಾನುವಾರ ಮಧ್ಯಾಹ್ನ

ಚಿನಕುರುಳಿಗೆ ಅಕ್ಕನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ನೀನು ತರಬೇತಿಗೆಂದು ಊರು ಬಿಟ್ಟ ಮೇಲೆ ಇಲ್ಲಿರುವವಳು ನಾನೊಬ್ಬಳೇ, ನಾನಂತೂ ಕ್ಷೇಮವಾಗಿಲ್ಲ. ಹೊಟ್ಟೆ ಉರಿಯುತ್ತಿದೆ. ಹದಿನೈದು ದಿನದಿಂದ ನಿನ್ನ ಫೋನ್ ಎತ್ತದಿರುವುದು ಅದಕ್ಕೇ. ನೀನೋ ಮಾತಿನ ಮಲ್ಲಿ. ಎರಡು ನಿಮಿಷದಲ್ಲಿ ನನ್ನನ್ನು ನಗಿಸಿಬಿಡುತ್ತೀಯ, ಆಮೇಲೆ ನನ್ನ ಕೋಪ ಎಲ್ಲಿ ಹೋಯಿತು ಅಂತ ನಾನೇ ಹುಡುಕಬೇಕು. ಕಾಗದದ ಹತ್ತಿರ ನಿನ್ನ ಆಟ ನಡೆಯುವುದಿಲ್ಲ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಾಗಿದೆ, ಬಲಗೈಯಲ್ಲೇ ಬರೆಯುತ್ತಿದ್ದೇನೆ. ಪುಟಕ್ಕೆ ಮೂರು ಸಲ ಪೆನ್ನು ಕೆಳಗಿಟ್ಟು ಬೆರಳು ನೀವಿಕೊಳ್ಳಬೇಕು. ನಿನಗೆ ಓದಲು ಕಷ್ಟವಾದರೆ ಆಗಲಿ ಬಿಡು.

ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಹೇಳುತ್ತೇನೆ. ಗೊತ್ತಿದೆ ಅಂತ ನೀನು ಅಂದುಕೊಂಡಿದ್ದೀಯ, ಅಷ್ಟೆ.

ಎಂಟು ತಿಂಗಳ ಹಿಂದೆ ಟೈಲರ್ ಅಂಗಡಿಯ ಶಟರ್ ನನ್ನ ಬಲಗೈ ಮೇಲೆ ಬಿತ್ತಲ್ಲ, ಆಗ ಡಾಕ್ಟರು ಹೆಬ್ಬೆರಳಿನಲ್ಲಿ ಸ್ವಲ್ಪ ಶಕ್ತಿ ಕಡಿಮೆಯಾಗಬಹುದು, ಅಷ್ಟೇ ಅಂದರು. ಅಷ್ಟೇ ಅಂತೆ! ಹತ್ತೊಂಬತ್ತು ವರ್ಷ ನಾನು ಆ ಅಂಗಡಿಯ ಕಟಿಂಗ್ ಮೇಜಿನ ಮುಂದೆ ನಿಂತವಳು. ಹೊಲಿಯುವವರು ಆರು ಜನ ಇದ್ದರೂ ಬಟ್ಟೆಗೆ ಕತ್ತರಿ ಹಾಕುತ್ತಿದ್ದವಳು ನಾನೊಬ್ಬಳೇ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿ ತಪ್ಪಿದರೆ ಮುಗಿಯಿತು. ಆ ದೊಡ್ಡ ಕತ್ತರಿ ನಡೆಯುವುದೇ ಹೆಬ್ಬೆರಳಿನ ಬಲದ ಮೇಲೆ. ಅದು ಹೋದರೆ ನಾನು ಯಾರು ಅಂತ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಯೋಚಿಸಿದ್ದೆ.

ಕೈ ವ್ಯಾಯಾಮ ಹೇಳಿಕೊಡುವ ಮೇಡಂ ಒಂದು ಬಟ್ಟಲು ತುಂಬ ಗುಂಡಿ ಕೊಟ್ಟು, ಒಂದೊಂದೇ ಎತ್ತಿ ಇನ್ನೊಂದು ಬಟ್ಟಲಿಗೆ ಹಾಕಿ ಅಂದಿದ್ದರು. ನನಗೆ ಬೇಜಾರು ಬಂದು ಬಟ್ಟಲನ್ನೇ ಎಸೆದೆ. ಸೋಫಾ ಕೆಳಗೆ ಸೇರಿದ ಗುಂಡಿಗಳನ್ನು ಮೊಣಕಾಲೂರಿ ಹುಡುಕಿದವಳು ನೀನು. ಮಾರನೆಯ ದಿನ ಲಿಫ್ಟ್ ರಿಪೇರಿ ಮುಗಿಸಿ ಗ್ರೀಸ್ ಕೈಯಲ್ಲೇ ಬಂದವಳು, ನಿನ್ನ ಆಟದ ಪೆಟ್ಟಿಗೆಯನ್ನು ಟೀವಿಗೆ ಸಿಕ್ಕಿಸಿ ಕಂಟ್ರೋಲರನ್ನು ನನ್ನ ತೊಡೆಯ ಮೇಲಿಟ್ಟೆ. ಬೆರಳಿಗೂ ಕೆಲಸ, ಮನಸ್ಸಿಗೂ ಕೆಲಸ ಅಂದೆ. ನಲವತ್ತಾರು ವರ್ಷದವಳ ಕೈಗೆ ಇದೇನು ಕೊಡುತ್ತೀಯ ಅಂತ ನಾನು ಬೈದೆ.

ಆಮೇಲೆ ಟೀವಿ ಪರದೆಯ ಮೇಲೆ ಆ ಹಸಿರು ಕೋಟಿನವಳು ಬಂದಳು.

ಅವಳನ್ನು ನೋಡಿದ ಕೂಡಲೇ ನಾನು ಸೋತೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಆ ಕೋಟಿನ ಘೇರು, ಕೆಳಗಿನ ಆ ಅಗಲ ನೋಡಿಯೇ ಅರ್ಧ ಸೋತೆ. ಹಿಂಭಾಗಕ್ಕೆ ಐದು ತುಂಡು ಜೋಡಿಸಿ, ಸೊಂಟದಿಂದ ಕೆಳಗೆ ಓರೆಯಾಗಿ ಕತ್ತರಿಸಿದರೆ ಮಾತ್ರ ಹಾಗೆ ಬೀಸುತ್ತದೆ. ಉರಿಯುತ್ತಿರುವ ನಾಟಕಶಾಲೆಯೊಳಗೆ ಕುದುರೆಯಷ್ಟು ದೊಡ್ಡ ದೀಪದ ಗೊಂಚಲಿನ ಮೇಲೆ ಜೋಕಾಲಿಯಾಡುತ್ತ ಇಳಿದು ಬರುತ್ತಾಳೆ. ಟೋಪಿಯನ್ನು ಮೇಲಕ್ಕೆಸೆದು, ಅದು ಕೆಳಗೆ ಬೀಳುವುದರೊಳಗೆ ಏಳು ದೆವ್ವಗಳನ್ನು ಕತ್ತರಿಸಿ, ಬಗ್ಗಿ ಟೋಪಿಗೇ ತಲೆ ಕೊಡುತ್ತಾಳೆ. ಇವಳು ದೆವ್ವಗಳ ಜೊತೆ ಜಗಳಕ್ಕೆ ಬಂದಿದ್ದಾಳೋ, ಮದುವೆ ಫೋಟೋ ತೆಗೆಸಿಕೊಳ್ಳಲು ಬಂದಿದ್ದಾಳೋ ಅಂತ ಕೇಳಿದ್ದೆ. ನೀನು ಬಿದ್ದು ಬಿದ್ದು ನಕ್ಕಿದ್ದೆ. ಈ ಆಟದಲ್ಲಿ ಕೊಂದರೆ ಸಾಲದು ಅಕ್ಕಾ, ಚೆಂದವಾಗಿ ಕೊಲ್ಲಬೇಕು ಅಂತ ವಿವರಿಸಿದ್ದೆ. ಹೊಡೆದ ಏಟನ್ನೇ ಮತ್ತೆ ಹೊಡೆದರೆ ಅಂಕ ಇಳಿಯುತ್ತದೆ. ಡಿಯಿಂದ ಶುರುವಾಗಿ ಎ ತನಕ ಹತ್ತಬೇಕು, ಎ ಮೇಲೆ ಎಸ್. ಎಸ್ ಬಂದಾಗ ಮಾತ್ರ ಹಿಂದಿನ ಸಂಗೀತಕ್ಕೆ ಹಾಡು ಸೇರಿಕೊಳ್ಳುತ್ತದೆ. ಅದು ನನಗೆ ಹಿಡಿಸಿತು. ಕೆಲಸ ಮುಗಿಸುವುದು ಬೇರೆ, ಅಚ್ಚುಕಟ್ಟಾಗಿ ಮುಗಿಸುವುದು ಬೇರೆ ಅಂತ ನಾನು ಜೀವಮಾನವಿಡೀ ಹೇಳಿಕೊಂಡು ಬಂದವಳು.

ಮೊದಲ ವಾರ ಬರೀ ಡಿ. ಹೆಬ್ಬೆರಳು ಒತ್ತಬೇಕಾದಾಗ ಒತ್ತುತ್ತಿರಲಿಲ್ಲ, ಒತ್ತಿದರೆ ಬಿಡುತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ನಾನು ಕಂಟ್ರೋಲರ್ ಸರಿಯಿಲ್ಲ ಅಂದೆ. ಆಮೇಲೆ ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತೆ. ನಿನಗೆ ಕೇಳಿಸಿರಲಿಕ್ಕಿಲ್ಲ ಅಂದುಕೊಂಡಿದ್ದೆ. ಕೇಳಿಸಿತ್ತು ಅಂತ ಈಗ ಗೊತ್ತಾಯಿತು.

ಎಂಟನೆಯ ದಿನ ಬಿ ಬಂತು. ಹತ್ತನೆಯ ದಿನ ಎ. ಹಸಿರು ಕೋಟಿನವಳು ನಾನು ಅಂದುಕೊಂಡದ್ದಕ್ಕಿಂತ ಚೆಂದವಾಗಿ ತಿರುಗುತ್ತಿದ್ದಳು, ನೆಲ ಮುಟ್ಟದೆ ಗಾಳಿಯಲ್ಲೇ ಇಪ್ಪತ್ತೆರಡು ಏಟು ಹೊಡೆಯುತ್ತಿದ್ದಳು. ಇದೇನೇ ಇದು ಅಂದರೆ ನೀನು, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ, ಕೈಗೆ ಅಭ್ಯಾಸ ಆಯಿತು ಅಂದೆ. ಪರದೆಯ ಮೂಲೆಯಲ್ಲಿ ಹಳದಿ ಬಣ್ಣದ ಸಣ್ಣ ಚುಕ್ಕೆಯೊಂದು ಮಿನುಗುತ್ತಿತ್ತು. ಅದೇನು ಅಂತಲೂ ಕೇಳಿದ್ದೆ. ಚಾರ್ಜು ತೋರಿಸುವ ದೀಪ ಅಂದೆ ನೀನು.

ಆ ದಿನಗಳು ಎಷ್ಟು ಚೆನ್ನಾಗಿದ್ದವು ಅಂತ ಬರೆಯಲೂ ಸಿಟ್ಟು ಬರುತ್ತಿದೆ ಕಣೇ. ಸಂಜೆ ನೀನು ಬರುವ ಹೊತ್ತಿಗೆ ನಾನು ಕಾಫಿ ಮಾಡಿಟ್ಟು ಟೀವಿ ಮುಂದೆ ಕಾಯುತ್ತಿದ್ದೆ. ಆಟದಲ್ಲಿ ಬರುವ ಕಲ್ಲಿನ ಗೂಳಿಯನ್ನು ನಾನು ಬೀಳಿಸಿದಾಗ ನೀನು ಸೋಫಾ ಮೇಲೆ ಹತ್ತಿ ಕುಣಿದೆ, ಕೆಳಮನೆಯವರು ಬಾಗಿಲು ತಟ್ಟಿದರು. ಎಸ್ ಬಂದು ಹಾಡು ಶುರುವಾದರೆ ನನ್ನ ಕೈ ನನಗೆ ವಾಪಸು ಬಂದ ಹಾಗೆ ಅನ್ನಿಸುತ್ತಿತ್ತು. ಗುಂಡಿಯ ಬಟ್ಟಲನ್ನು ಕಪಾಟಿನ ಮೇಲಿಟ್ಟೆ. ಎಸ್ ತೆಗೆಯುವ ಕೈಗೆ ಗುಂಡಿ ಎತ್ತುವ ಕೆಲಸ ಯಾಕೆ? ವ್ಯಾಯಾಮದ ಮೇಡಂ ಹತ್ತಿರ ಹೋಗುವುದನ್ನೂ ಬಿಟ್ಟೆ.

ಆಗ ಅಂಗಡಿಯ ಮಾಲೀಕರು ಹೇಳಿ ಕಳಿಸಿದರು. ಇನ್ನೂ ಕಾಯುವುದು ಕಷ್ಟ, ತಿಂಗಳ ಕೊನೆಯಲ್ಲಿ ಕಟಿಂಗಿಗೆ ಬೇರೆಯವರನ್ನು ತೆಗೆದುಕೊಳ್ಳುತ್ತೇನೆ, ನಿಮ್ಮಿಂದ ಆಗುತ್ತದೆಯೋ ಇಲ್ಲವೋ ಒಂದು ಮಾತು ಹೇಳಿ ಅಂತ. ಆ ವಾರವೇ ನೀನು ತರಬೇತಿಗೆ ಹೊರಡುವ ತಯಾರಿಯಲ್ಲಿದ್ದೆ. ಪೆಟ್ಟಿಗೆಗೆ ಬಟ್ಟೆ ಹಾಕುತ್ತಿದ್ದ ನಿನ್ನನ್ನು ನಾನು ಬಾಗಿಲಲ್ಲಿ ನಿಂತು ಕೇಳಿದೆ, ಹೋಗಲೇನೇ ಅಂತ. ನೀನು ನನ್ನ ಮುಖ ನೋಡಲಿಲ್ಲ. ಅಂಗಿ ಮಡಿಸುತ್ತಲೇ ಹೇಳಿದೆ.

“ಎಸ್ ತೆಗೆಯೋ ಕೈ ಅಕ್ಕಾ ಅದು. ಹೋಗು.”

ಈ ಒಂದು ಮಾತು. ಬೇರೆ ಏನನ್ನಾದರೂ ಕ್ಷಮಿಸಿಯೇನು, ಇದನ್ನು ಹೇಗೆ ಕ್ಷಮಿಸಲಿ ಹೇಳು? ಆಟದಲ್ಲಿ ಮೋಸ ಮಾಡಿದೆ, ಸರಿ, ಅದು ಆಟ. ಅಟ್ಟಕ್ಕೇರಿಸಿದವಳು ಇಳಿಯುವ ಹೊತ್ತಿಗೆ ಏಣಿಯನ್ನೇ ತೆಗೆದುಕೊಂಡು ರೈಲು ಹತ್ತಿಬಿಟ್ಟೆಯಲ್ಲ.

ಹತ್ತನೇ ತಾರೀಕು ಹೋಗಿ ಮಾಲೀಕರಿಗೆ ಕೈ ಸರಿಹೋಗಿದೆ ಅಂದೆ. ಅವರು ಎದ್ದು ನಿಂತು ಕೈಮುಗಿದರು. ಎರಡು ದಿನ ಹತ್ತಿ ಬಟ್ಟೆ ಕತ್ತರಿಸಿದೆ, ತೆಳು ಬಟ್ಟೆ, ಹೇಗೋ ನಡೆಯಿತು. ಹನ್ನೆರಡಕ್ಕೆ ಪಿಟೀಲು ನುಡಿಸುವ ಒಬ್ಬ ಹೆಂಗಸು ಬಂದರು. ಸಂಗೀತ ಕಚೇರಿಗೆ ಉದ್ದನೆಯ ಕೋಟು ಬೇಕಂತೆ. ಅವರ ತಾಯಿ ತೆಗೆದಿಟ್ಟಿದ್ದ ನೀಲಿ ವೆಲ್ವೆಟ್ಟು, ಮಧ್ಯರಾತ್ರಿಯ ಆಕಾಶದ ಬಣ್ಣ. ಆ ತಾಯಿ ಈಗಿಲ್ಲ, ಆ ಬಟ್ಟೆಯೂ ಈಗ ಎಲ್ಲೂ ಸಿಗುವುದಿಲ್ಲ. ನನಗೆ ಹಸಿರು ಕೋಟಿನವಳು ನೆನಪಾದಳು ನೋಡು. ಅದೇ ಘೇರು ಕೊಡುತ್ತೇನೆ ಅಂತ ನಾನೇ ಬಾಯಿ ಬಿಟ್ಟು ಹೇಳಿದೆ.

ವೆಲ್ವೆಟ್ಟಿನ ರೋಮ ಯಾವ ಕಡೆ ಮಲಗುತ್ತದೆ ಅಂತ ಅಂಗೈಯಿಂದ ಸವರಿ ನೋಡಿದೆ, ಚಾಕ್‌ಪೀಸಿನಿಂದ ಗೆರೆ ಎಳೆದೆ, ಎರಡೆರಡು ಸಲ ಅಳೆದೆ. ಎಲ್ಲ ಸರಿಯಾಗಿತ್ತು. ಬೆನ್ನಿನ ತುಂಡಿನ ನಡುವೆ, ಗೆರೆ ಬಾಗುವ ಕಡೆ, ಹೆಬ್ಬೆರಳು ಇದ್ದಕ್ಕಿದ್ದಂತೆ ಸತ್ತೇ ಹೋಯಿತು. ಕತ್ತರಿಯ ಭಾರ ಕತ್ತರಿಯನ್ನೇ ಎಳೆದುಕೊಂಡು ಹೋಯಿತು. ಗೆರೆಯಿಂದ ಒಳಗೆ ನಾಲ್ಕು ಇಂಚು. ಮಿಷನ್ನುಗಳ ಸದ್ದು ಒಂದೊಂದಾಗಿ ನಿಂತಿತು. ಮಾಲೀಕರು ಬಂದು ನೋಡಿದರು, ಬೈಯಲಿಲ್ಲ. ಬಟ್ಟೆ ಮಡಿಸುತ್ತ, “ನಿಮ್ಮ ಮಾತು ನಂಬಿ ಕೊಟ್ಟೆನಲ್ಲಮ್ಮ” ಅಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮನೆಗೆ ಬಂದೆ. ನೀರು ಕುಡಿಯಲು ಹೋದರೆ ಲೋಟ ಕೈಯಲ್ಲಿ ನಿಲ್ಲಲಿಲ್ಲ. ಏನು ಮಾಡಬೇಕೆಂದು ತೋಚದೆ ಟೀವಿ ಮುಂದೆ ಕುಳಿತೆ. ಲೋಟ ಹಿಡಿಯಲಾಗದ ಆ ಕೈಗೆ ಹಸಿರು ಕೋಟಿನವಳು ಮತ್ತೆ ಎಸ್ ಕೊಟ್ಟಳು. ಹಾಡು ಶುರುವಾಯಿತು. ಕಂಟ್ರೋಲರನ್ನು ಮೇಜಿನ ಮೇಲಿಟ್ಟು, ಒಂದೇ ಒಂದು ಗುಂಡಿಯನ್ನು ಮೊಣಕೈಯಿಂದ ಒತ್ತಿದೆ. ಸುಮ್ಮನೆ, ಕುರುಡಾಗಿ, ಟಪ ಟಪ ಅಂತ. ಅವಳು ಟೋಪಿ ಎಸೆದಳು, ಏಳು ದೆವ್ವ ಕತ್ತರಿಸಿದಳು, ಟೋಪಿಗೆ ತಲೆ ಕೊಟ್ಟಳು. ಎಸ್. ಮೊಣಕೈಗೂ ಎಸ್!

ಆಗಲೇ ನಿನಗೆ ಫೋನ್ ಮಾಡಿದ್ದು. ಹಳದಿ ಚುಕ್ಕೆ ಏನೇ ಅಂತ ಕೇಳಿದ್ದು. ನೀನು, ಅದು ಆಟವೇ ತಾನಾಗಿ ಆಡಿಕೊಳ್ಳುವ ಸಹಾಯ, ಎಂಟನೆಯ ದಿನ ಹಾಕಿದೆ, ಆಮೇಲೆ ತೆಗೆಯಬೇಕು ಅಂತಲೇ ಇದ್ದೆ ಅಂದೆ. ಮತ್ತೆ ಯಾಕೆ ತೆಗೆಯಲಿಲ್ಲ ಅಂದದ್ದಕ್ಕೆ ನೀನು ಹೇಳಿದ್ದು ಇನ್ನೂ ಕಿವಿಯಲ್ಲಿದೆ.

“ನೀನು ನಗ್ತಾ ಇದ್ದೆ ಅಕ್ಕಾ. ಹೇಗೆ ತೆಗೀಲಿ?”

ನನ್ನ ನಗುವಿಗೆ ಬೆಲೆಯಾಗಿ ನೀನು ನನ್ನ ಕೈಯನ್ನೇ ಕೊಟ್ಟುಬಿಟ್ಟೆ. ಅಮ್ಮ ಹೋದಾಗ ನಿನಗೆ ಒಂಬತ್ತು ವರ್ಷ. ನಿನ್ನ ಜಡೆ ಹೆಣೆದದ್ದು ಇದೇ ಕೈ, ಶಾಲೆಯ ಸಮವಸ್ತ್ರ ಕತ್ತರಿಸಿದ್ದು ಇದೇ ಕೈ. ನೀನು ಲೆಕ್ಕದಲ್ಲಿ ಫೇಲಾದಾಗ ಪಾಸಾಗಿದ್ದೀಯ ಅಂತ ನಾನು ಹೇಳಲಿಲ್ಲ, ಪಕ್ಕದಲ್ಲಿ ಕುಳಿತು ಮತ್ತೆ ಮಾಡಿಸಿದೆ. ಪರರು ಮೋಸ ಮಾಡಿದರೆ ಬೈದು ಮರೆಯಬಹುದು. ಮನೆಯವಳೇ ಕಣ್ಣಿಗೆ ಮಣ್ಣೆರಚಿದರೆ ಯಾರ ಹತ್ತಿರ ಹೇಳಿಕೊಳ್ಳಲಿ? ಹೇಳಿಕೊಳ್ಳಲು ನನಗಿರುವವಳೂ ನೀನೇ.

ಈಗಿನ ಸುದ್ದಿ ಕೇಳು. ಮಾಲೀಕರು ಆ ಪಿಟೀಲಿನವರಿಗೆ, ತಮ್ಮದೇ ಕೈ ತಪ್ಪಿತು ಅಂತ ಹೇಳಿ, ಉಳಿದ ಬಟ್ಟೆಯಲ್ಲಿ ಸೊಂಟದವರೆಗಿನ ಕೋಟು ಹೊಲಿಸಿಕೊಟ್ಟರು. ಘೇರಿಲ್ಲ. ಆಕೆ ತೊಟ್ಟು ಕನ್ನಡಿಯ ಮುಂದೆ ನಿಂತು ಚೆನ್ನಾಗಿದೆ ಅಂದರು, ಎರಡು ಸಲ ಅಂದರು. ಮುಖ ಚಿಕ್ಕದಾಗಿತ್ತು. ಕಟಿಂಗ್ ಮೇಜಿಗೆ ಹೊಸಬರು ಬಂದಿದ್ದಾರೆ. ನನ್ನನ್ನು ಮನೆಗೆ ಕಳಿಸಿಲ್ಲ. ಗುಂಡಿಯ ಡಬ್ಬಿಗಳನ್ನು ಬೇರೆ ಮಾಡುವ ಕೆಲಸ ಕೊಟ್ಟಿದ್ದಾರೆ. ಸೋಫಾ ಕೆಳಗಿಂದ ನೀನು ಹೆಕ್ಕಿದೆಯಲ್ಲ, ಅದೇ ಕೆಲಸ ಈಗ ದಿನಕ್ಕೆ ಎಂಟು ಗಂಟೆ.

ಸಹಾಯ ತೆಗೆದುಹಾಕಿ ಆಡುತ್ತಿದ್ದೇನೆ. ಮೂಲೆಯಲ್ಲಿ ಚುಕ್ಕೆಯಿಲ್ಲ. ಹಸಿರು ಕೋಟಿನವಳು ಈಗ ನನ್ನ ಹಾಗೇ ಎಡವುತ್ತಾಳೆ, ಟೋಪಿ ಎಸೆದರೆ ಟೋಪಿ ನೆಲಕ್ಕೆ ಬೀಳುತ್ತದೆ. ಹದಿನಾಲ್ಕು ದಿನ ಡಿ. ಇವತ್ತು ಬೆಳಿಗ್ಗೆ, ಗೂಳಿಯ ಕೊಂಬಿನಲ್ಲಿ ಕಿಡಿ ಕಂಡ ಕ್ಷಣವೇ ಹೆಬ್ಬೆರಳು ಒತ್ತಿತು, ಅವಳು ಕೊಂಬಿನ ಮೇಲೆ ಕಾಲಿಟ್ಟು ಹಾರಿದಳು. ಸಿ ಬಂತು. ಬಂದು ಅರ್ಧ ನಿಮಿಷದಲ್ಲಿ ಹೋಯಿತು. ನಿನಗೆ ಹೇಳೋಣ ಅಂತ ಬಾಗಿಲ ಕಡೆ ತಿರುಗಿದೆ, ನೀನಿರಲಿಲ್ಲ. ಇದ್ದಿದ್ದರೂ ಹೇಳುತ್ತಿರಲಿಲ್ಲ.

ತರಬೇತಿ ಮುಗಿದ ಮೇಲೆ ಮನೆಗೆ ಬಾ. ಬರಬೇಡ ಅನ್ನಲು ನನ್ನಿಂದಾಗದು. ಆದರೆ ಬಂದವಳು ಎಂಟು ದಿನ ನನ್ನನ್ನು ಹೊಗಳಬೇಡ. ಸಾರು ಚೆನ್ನಾಗಿದೆ ಅಂತಲೂ ಅನ್ನಬೇಡ. ನೀನು ಚೆನ್ನಾಗಿದೆ ಅಂದರೆ ನನಗೀಗ ಭಯವಾಗುತ್ತದೆ.

ಇಂತಿ,
ನಿನ್ನ ಮೇಲೆ ಇನ್ನೂ ಸಿಟ್ಟಿರುವ
ಅಕ್ಕ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಮೊಣಕೈಯಿಂದ ಒತ್ತಿ ನೋಡಿದ್ದು ವೆಲ್ವೆಟ್ಟು ಹಾಳಾದ ದಿನವೇ ಮೊದಲ ಸಲವಲ್ಲ. ಅದಕ್ಕೂ ಮೂರು ವಾರ ಹಿಂದೆ, ನೀನಿನ್ನೂ ಇಲ್ಲಿದ್ದಾಗ, ಒಂದು ಭಾನುವಾರ ಒತ್ತಿ ನೋಡಿದ್ದೆ. ಎಸ್ ಬಂದಿತ್ತು. ಚುಕ್ಕೆ ಏನೆಂದು ಅವತ್ತೇ ಗೊತ್ತಾಗಿತ್ತು. ಆಮೇಲೂ ನಿನ್ನನ್ನು ಹೋಗಲೇನೇ ಅಂತ ಕೇಳಿದೆ, ನೀನು ಹೋಗು ಅನ್ನಲಿ ಅಂತಲೇ ಕೇಳಿದೆ. ಆ ಮೇಜಿಗೆ ಬೇರೆಯವರು ಬರುವುದನ್ನು ನೆನೆಸಿಕೊಳ್ಳಲು ಆಗಲಿಲ್ಲ. ನಾಳೆ ಮಾಲೀಕರಿಗೂ ಹೇಳಬೇಕು. ಆ ಭಾನುವಾರ ನೀನು ಸ್ನಾನ ಮಾಡಿ ತಲೆ ಒರೆಸಿಕೊಳ್ಳುತ್ತ ಬಂದು, ಏನು ಬಂತು ಅಕ್ಕಾ ಅಂತ ಕೇಳಿದೆ. ನಾನು ಮೊಣಕೈ ಮುಚ್ಚಿಕೊಂಡು, ಎಸ್ ಬಂತು ಕಣೇ ಅಂದೆ.