ಹಳದಿ ಬಟ್ಟೆ

ಭಾನುವಾರ, ಬೆಳಿಗ್ಗೆ

ನಮ್ಮ ಮನೆಯವರಿಗೆ,

ನಾನು ಕ್ಷೇಮ. ನೀವೂ ಕ್ಷೇಮ ಅಂತ ವಾರಗಿತ್ತಿ ಹೇಳಿದಳು. ನಾನು ಫೋನ್ ಮಾಡಿದಾಗಲೆಲ್ಲ ನೀವು ಸ್ನಾನಕ್ಕೆ ಹೋಗಿರುತ್ತೀರಂತೆ. ಇಷ್ಟು ಸ್ನಾನ ಮಾಡುವ ಗಂಡಸನ್ನು ನಾನಂತೂ ಕಂಡಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ತಮ್ಮನ ಮನೆಗೆ ನಾಲ್ಕು ದಿನ ಹೋಗಿ ಬರುತ್ತೇನೆ ಅಂತ ಹೊರಟವರು ನೀವು. ಚಳಿಗಾಲ ಮುಗಿದು ಬಿಸಿಲು ಬಂತು. ಬರುತ್ತೀರೋ ಇಲ್ಲವೋ, ನನಗೆ ಗೊತ್ತಾಗಬೇಕು.

ಇಲ್ಲಿ ಎಲ್ಲ ಸುಖವಾಗಿದೆ. ಮನೆಯನ್ನು ಗುಡಿಸಿ ಒರೆಸಿ ಥಳಥಳ ಅನ್ನಿಸಿದ್ದೇನೆ. ಒಬ್ಬಳೇ ಇದ್ದರೆ ಕೆಲಸವೂ ಕಡಿಮೆ, ತಲೆನೋವೂ ಕಡಿಮೆ. ಭಾನುವಾರದ ವಾಕಿಂಗ್ ಬಿಟ್ಟಿಲ್ಲ. ನೀವು ಮೇಜಿನ ಮೇಲೇ ಬಿಟ್ಟು ಹೋದ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ನಮ್ಮ ಹಳೆಯ ದಾರಿಯಲ್ಲೇ ಹೋಗುತ್ತೇನೆ.

ನೆನಪಿದೆಯಾ, ಮೊದಮೊದಲು? ಒಂದೇ ಕ್ಯಾಮೆರಾ, ಒಂದೇ ರೋಲು. ನಿಮಗೆ ಕಾರು, ನನಗೆ ಕಲ್ಲು. ಕ್ಷೌರಿಕನ ಮನೆ ಮುಂದೆ ಆ ಕೆನೆ ಬಣ್ಣದ ಹಳೇ ಕಾರು, ಕಿಟಕಿಗೆ ಪುಟ್ಟ ಪರದೆ ಇದ್ದದ್ದು, ಅದರ ಎದುರು ಮಂಡಿಯೂರಿದರೆ ನೀವು ಏಳುತ್ತಲೇ ಇರಲಿಲ್ಲ. ನಾನೋ, ಪಾರ್ಕಿನಲ್ಲಿ ಅಂಚೆಯವನ ನೆನಪಿಗೆ ಹಾಕಿಸಿದ ಕಲ್ಲುಬೆಂಚು, ಯಾರೋ ಮಗ ತಾಯಿಯ ಹೆಸರಲ್ಲಿ ಕಟ್ಟಿಸಿದ ನಲ್ಲಿ, ಯುದ್ಧಕ್ಕೆ ಹೋಗಿ ಬಾರದವರ ಹೆಸರಿನ ಕಂಬ ಅಂತ ಅಲೆಯುತ್ತಿದ್ದೆ. ಸತ್ತವರ ಹಿಂದೆ ನೀನು, ಕೆಟ್ಟು ನಿಂತವುಗಳ ಹಿಂದೆ ನಾನು, ಒಳ್ಳೆ ಜೋಡಿ ಅಂತ ನಗುತ್ತಿದ್ದಿರಿ. ಆ ದಿನಗಳು ತುಂಬ ಚೆನ್ನಾಗಿದ್ದವು.

ಕಾರಾಗಲಿ ಕಲ್ಲಾಗಲಿ, ಫೋಟೋಗೆ ಮೊದಲು ಜೇಬಿನಿಂದ ಹಳದಿ ಬಟ್ಟೆ ಬರಲೇಬೇಕು. ಜೀವಮಾನವೆಲ್ಲ ಕನ್ನಡಕದ ಅಂಗಡಿ ನಡೆಸಿದ ಕೈ, ಧೂಳು ಕಂಡರೆ ಸುಮ್ಮನಿರುವುದಿಲ್ಲ. ಕ್ಷೌರಿಕ ನಿಮ್ಮನ್ನು ಒರೆಸೋ ಸಾಹೇಬರು ಅಂತಲೇ ಕರೆಯುವುದು. ಈಗಲೂ ನನ್ನ ಕಂಡರೆ ಸಾಹೇಬರು ಎಲ್ಲಿ ಅಂತ ಕೇಳುತ್ತಾನೆ. ಸ್ನಾನಕ್ಕೆ ಹೋಗಿದ್ದಾರೆ ಅನ್ನುತ್ತೇನೆ.

ಇನ್ನು ಡಾಕ್ಟರ ಮನೆಯ ವಿಷಯಕ್ಕೆ ಬರುತ್ತೇನೆ. ಕಾಗದ ಮಡಚಿ ಇಡಬೇಡಿ, ಮುಂದೆ ಓದಿ.

ಆವತ್ತು ಡಾಕ್ಟರ ಹೆಂಡತಿ ಕಾರಿನ ಫೋಟೋ ತೆಗೆದುಕೊಳ್ಳಿ ಅಂದಿದ್ದರು, ಒರೆಸಿ ಅಂದಿರಲಿಲ್ಲ. ಆಕೆ ಹೊರಗೆ ಬರುವಷ್ಟರಲ್ಲಿ ನೀವು ಆ ನೀಲಿ ಕಾರಿನ ಹಿಂಭಾಗ ಒರೆಸಿ ಮುಗಿಸಿದ್ದಿರಿ. ಡಾಕ್ಟರು ತೀರಿಕೊಳ್ಳುವ ಮುಂಚೆ ಕೊನೆಯ ಸಲ ಡಿಕ್ಕಿ ಮುಚ್ಚಿದಾಗ ಧೂಳಿನಲ್ಲಿ ಅವರ ಅಂಗೈ ಮೂಡಿತ್ತಂತೆ. ಅದಕ್ಕೇ ಆಕೆ ಆ ಕಾರಿಗೆ ನೀರು ಸೋಕಿಸಿರಲಿಲ್ಲ. ಅಷ್ಟು ಹೇಳಿ ಬಾಗಿಲು ಹಾಕಿಕೊಂಡರು. ನೀವು ಬಟ್ಟೆ ಹಿಡಿದುಕೊಂಡು ನಿಂತೇ ಇದ್ದಿರಿ. ಆ ಮುಖ ನನಗೆ ಮರೆಯುವುದಿಲ್ಲ. ವಾರ ತುಂಬುವ ಮೊದಲೇ ಬಸ್ಸು ಹತ್ತಿದಿರಿ.

ಕ್ಯಾಮೆರಾದಲ್ಲಿದ್ದ ರೋಲನ್ನು ನಾನು ಮುಗಿಸಿ ಸ್ಟುಡಿಯೋಗೆ ಕೊಟ್ಟಿದ್ದೆ. ಹೋದ ವಾರ ಪ್ರಿಂಟ್ ಬಂತು. ಆವತ್ತು ನೀವು ಒರೆಸುವ ಮೊದಲು ಬಟ್ಟೆ ಕೊಡವುತ್ತಿದ್ದಾಗ ಬೇಸರಕ್ಕೆ ನಾನೊಂದು ಕ್ಲಿಕ್ ಮಾಡಿದ್ದೆ. ಧೂಳು ಹಿಡಿದ ಕಾರಿಗೆ ಯಾಕೆ ರೋಲು ದಂಡ ಮಾಡುತ್ತೀಯ ಅಂತ ಬೈದಿರಲ್ಲ, ಅದೇ ಫೋಟೋ. ಡಿಕ್ಕಿಯ ಮೇಲೆ ಅಂಗೈ, ಐದೂ ಬೆರಳು ಸಮೇತ. ಇಷ್ಟು ವರ್ಷ ಸ್ಮಾರಕ ಹುಡುಕಿಕೊಂಡು ಅಲೆದ ನನ್ನ ಕಣ್ಣಿಗೂ ಅದು ಆವತ್ತು ಬಿದ್ದಿರಲಿಲ್ಲ ನೋಡಿ.

ನಿಜವಾದ ಅಂಗೈಯ ಅಳತೆಗೆ ದೊಡ್ಡದು ಮಾಡಿಸಿ ಡಾಕ್ಟರ ಮನೆಗೆ ತೆಗೆದುಕೊಂಡು ಹೋದೆ. ಆಕೆ ಫೋಟೋದ ಮೇಲೆ ತಮ್ಮ ಅಂಗೈ ಇಟ್ಟು ಬೆರಳಿಗೆ ಬೆರಳು ಹೊಂದಿಸಿ ನೋಡಿದರು. ಆಮೇಲೆ ಕಾಫಿ ಮಾಡಿಕೊಟ್ಟರು. ಪ್ರತಿ ಮಳೆಗಾಲದಲ್ಲೂ ಕಾರಿನ ಶೆಡ್ಡು ಸೋರಿ ಎಲ್ಲಿ ಆ ಗುರುತು ಅಳಿಸಿಹೋಗುತ್ತೋ ಅಂತ ನಿದ್ದೆ ಬರುತ್ತಿರಲಿಲ್ಲವಂತೆ, ಇನ್ನು ಆ ಭಯ ಇಲ್ಲ ಅಂದರು. ಹೊರಡುವಾಗ ಕಾರಿನ ಹತ್ತಿರ ಕರೆದುಕೊಂಡು ಹೋದರು. ಹಿಂಭಾಗದಲ್ಲಿ ತೆಳ್ಳಗೆ ಹೊಸ ಧೂಳು, ಮುಂಭಾಗದಲ್ಲಿ ವರ್ಷಗಟ್ಟಲೆ ಕೂತ ಧೂಳು. ನಿಮ್ಮ ಯಜಮಾನರು ಅರ್ಧ ಕೆಲಸ ಬಿಟ್ಟು ಓಡಿದ್ದಾರಲ್ಲ, ಹೀಗಿದ್ದರೆ ನೋಡೋಕೆ ಚೆನ್ನಾಗಿರುತ್ತಾ, ಬಂದು ಮುಗಿಸೋಕೆ ಹೇಳಿ ಅಂದರು. ಸಿಟ್ಟಿನಿಂದಲ್ಲ ರೀ. ನಗುತ್ತಾ ಹೇಳಿದರು, ಕಣ್ಣೊರೆಸಿಕೊಳ್ಳುತ್ತಾ.

ಹೇಳುವುದು ಹೇಳಿದ್ದೇನೆ, ಇನ್ನು ನಿಮ್ಮಿಷ್ಟ. ನೀವು ಬಚ್ಚಲ ಮೂಲೆಗೆ ಎಸೆದು ಹೋದ ಹಳದಿ ಬಟ್ಟೆಯನ್ನು ಒಗೆದು ಕ್ಯಾಮೆರಾ ಚೀಲದಲ್ಲಿ ಇಟ್ಟಿದ್ದೇನೆ. ನನಗೇನೂ ಆತುರವಿಲ್ಲ. ಆದರೆ ಒಬ್ಬಳೇ ನಡೆದರೆ ದಾರಿ ಬೇಗ ಮುಗಿದುಬಿಡುತ್ತದೆ. ಕಾರು ಕಂಡಲ್ಲೆಲ್ಲ ನಿಲ್ಲಿಸುವವರಿಲ್ಲ.

ಇಂತಿ,
ನಿಮ್ಮ ಕಲ್ಲಿನವಳು

ವಿ.ಸೂ.: ಮನೆಯೆಲ್ಲ ಒರೆಸಿದ್ದೇನೆ ಅಂತ ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಹೊರಡುವ ದಿನ ಶೂ ಹಾಕಿಕೊಳ್ಳುವಾಗ ನೀವು ಬೀರುವಿನ ಕನ್ನಡಿಗೆ ಕೈ ಊರಿದ್ದಿರಿ. ಆ ಗುರುತು ಹಾಗೇ ಇದೆ. ತಲೆ ಬಾಚುವಾಗ ಪಕ್ಕಕ್ಕೆ ಸರಿದು ಮುಖ ನೋಡಿಕೊಳ್ಳುತ್ತೇನೆ. ಬಂದು ನೀವೇ ಒರೆಸಿ.