ಉತ್ತರದ ಬಾಗಿಲಿಗೆ ಬಾರದವನು

ಪಿರಿಯಾಪಟ್ಟಣ
18 ಜೂನ್ 2025, ಬುಧವಾರ

ಮಿರ್ಲೆಯ ಸುನೀಲ್ಕುಮಾರನಿಗೆ ಅವನ ಅಕ್ಕ ಭಾಗ್ಯ ಬರೆಯುವುದು,

ಮೊದಲು ‘ಪ್ರೀತಿಯ ತಮ್ಮನಿಗೆ’ ಎಂದು ಬರೆದಿದ್ದೆ. ಓದಿ ನೋಡಿದರೆ ಸುಳ್ಳು ಅನ್ನಿಸಿತು, ಹಾಳೆ ಹರಿದೆ. ಇದು ಎರಡನೆಯ ಹಾಳೆ.

ನೀನು ನನ್ನ ನಂಬರ್ ಬ್ಲಾಕ್ ಮಾಡಿ ಮೂರು ದಿನವಾಯಿತು. ಭಾನುವಾರ ಸಂಜೆ ಕಳಿಸಿದ ಹನ್ನೊಂದು ವಾಯ್ಸ್ ಮೆಸೇಜಿನಲ್ಲಿ ಅಕ್ಕನಾದವಳು ಆಡಬಾರದ ಮಾತುಗಳಿದ್ದವು, ಒಪ್ಪುತ್ತೇನೆ. ಹನ್ನೆರಡನೆಯದು ಹೋಗಲಿಲ್ಲ. ಅದನ್ನೇ ಈಗ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ರಿಪೇರಿ ಅಂಗಡಿಯಲ್ಲಿ ಎಂಥೆಂಥ ಮೊಬೈಲು ಬಿಚ್ಚಿದರೂ ಅಂಚೆಯಣ್ಣನನ್ನು ಬ್ಲಾಕ್ ಮಾಡುವ ಬಟನ್ ನಿನಗೆ ಸಿಗುವುದಿಲ್ಲ.

ಈ ಕಾಗದವನ್ನು ನಿನಗಿಂತ ಮೊದಲು ನಿನ್ನ ಹೆಂಡತಿ ಸುಕನ್ಯ ಒಡೆಯುತ್ತಾಳೆ. ಒಡೆಯಲಿ. ಅತ್ತಿಗೆಗೆ ಮೊಬೈಲ್ ಆಟದ ಹುಚ್ಚು ಹಿಡಿದಿದೆ ಎಂದು ಅವಳು ನಿನ್ನ ಅತ್ತೆಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿದೆ. ಆದ್ದರಿಂದ ಅವಳಿಗೂ ತಿಳಿಯುವ ಹಾಗೆ ಬಿಡಿಸಿ ಬರೆಯುತ್ತೇನೆ.

ನೋಡು ಸುಕನ್ಯ, ಎರಡು ವರ್ಷದ ಹಿಂದೆ ನಿನ್ನ ಗಂಡ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡು ಮೂರು ತಿಂಗಳು ನನ್ನ ಮನೆಯಲ್ಲಿ ಮಲಗಿದ್ದನಲ್ಲ, ಈ ಆಟ ಆಗ ಬಂದದ್ದು. ಬೇರೆ ಯಾವುದೋ ಗ್ರಹ. ಅಲ್ಲಿ ಒಬ್ಬೊಬ್ಬರೂ ಒಂದೊಂದು ನೆಲೆ ಕಟ್ಟಿಕೊಳ್ಳಬೇಕು: ಗೋಡೆ, ಮನೆ, ದೀಪ, ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಅರವತ್ತು ದಿನಕ್ಕೊಮ್ಮೆ ಆರು ಕಾಲಿನ ಕಬ್ಬಿಣದ ಹುಳುಗಳು ಮುತ್ತಿಗೆ ಹಾಕುತ್ತವೆ. ಅರ್ಧ ಗಂಟೆ ತಡೆದರೆ ನೆಲೆ ಉಳಿಯಿತು. ತಡೆಯದಿದ್ದರೆ ಕಟ್ಟಿದ್ದೆಲ್ಲ ಬೂದಿ, ಮತ್ತೆ ಸಿಗುವುದಿಲ್ಲ. ಒಬ್ಬರ ಕೈಲಿ ಆಗುವ ಕೆಲಸವಲ್ಲ. ಬಾಗಿಲಿಗೊಬ್ಬರಂತೆ ನಾಲ್ಕು ಜನ ಬೇಕು.

ನಾಲ್ಕು ಜನ ಎಂದರೆ ಸುನೀಲ, ನಾನು, ಭೇರ್ಯದಲ್ಲಿ ಗೂಡ್ಸ್ ಆಟೋ ಓಡಿಸುವ ಜಯರಾಮ, ಆಮೇಲೆ ಗುಂಡ. ಗುಂಡ ಎನ್. ಬೇಗೂರಿನ ಹತ್ತಿರದ ಹಾಡಿಯವನು. ಜೇನುಕುರುಬರ ಹುಡುಗ, ಇಪ್ಪತ್ನಾಲ್ಕು ವರ್ಷ. ಅವನ ಮುಖ ನೋಡುವುದಕ್ಕಿಂತ ಎಂಟು ತಿಂಗಳು ಮೊದಲು ದನಿ ಕೇಳಿದ್ದೆ. ನಾನು ಆಟಕ್ಕೆ ಹೊಸಬಳು, ಹುಳುಗಳನ್ನು ಬಾಯಿಗೆ ಬಂದಂತೆ ಬೈಯುತ್ತಾ ಗುಂಡು ಹಾರಿಸುತ್ತಿದ್ದೆ. ಯಾರೋ ಗುರುತಿಲ್ಲದವನು ಮೆತ್ತಗೆ, “ಅಕ್ಕಾ, ಬೈಯದು ಆಮ್ಯಾಕೆ, ಒಸಿ ಎಡಕ್ ತಿರುಗಿ, ನಿಮ್ ಬೆನ್ನಿಂದೇನೆ ಐತೆ” ಎಂದ. ಅಂದಿನಿಂದ ಅವನು ನಮ್ಮವನಾದ.

ಈಗ ನಿನಗೆ ಬರುತ್ತೇನೆ ಸುನೀಲ.

ಮುಯ್ಯಾಳಿನ ಲೆಕ್ಕದಲ್ಲಿ ನಡೆಯೋಣ ಎಂದು ಮೊದಲು ಹೇಳಿದವನು ನೀನೇ. ಅವ್ವನ ಕಾಲದಲ್ಲಿ ಹೊಗೆಸೊಪ್ಪು ಮುರಿಯುವಾಗ ಇವತ್ತು ನಮ್ಮ ಹೊಲಕ್ಕೆ ಅವರು, ನಾಳೆ ಅವರ ಹೊಲಕ್ಕೆ ನಾವು ಹೋಗುತ್ತಿದ್ದೆವಲ್ಲ, ಹಾಗೆ. ಕೂಲಿಯ ಮಾತಿಲ್ಲ. ಕರೆಯುವ ಮಾತೂ ಇಲ್ಲ. ಸರದಿ ಬಂದ ದಿನ ಬಾಗಿಲಲ್ಲಿ ಹಾಜರಿರಬೇಕು. ಬರಲಾಗದಿದ್ದರೆ ನಿನ್ನ ಬದಲು ಇನ್ನೊಬ್ಬ ಆಳನ್ನು ಕಳಿಸಬೇಕು. ಅಷ್ಟೇ ಕಾನೂನು. ನನ್ನ ಸ್ವಭಾವ ನಿನಗೆ ಗೊತ್ತು, ನನ್ನ ಮಿಲ್ಲಿಗೆ ಪುಡಿಗೆ ಬಂದ ಮೆಣಸಿನಕಾಯಿಯನ್ನು ಸೇರು ಲೆಕ್ಕದಲ್ಲಿ ಬರೆದಿಡುವವಳು ಇದನ್ನು ಬರೆದಿಡದೆ ಇರುತ್ತೇನೆಯೇ. ಪುಸ್ತಕ ಮುಂದೆಯೇ ಇದೆ, ಕೇಳು.

ಒಂದೂವರೆ ವರ್ಷದಲ್ಲಿ ನಿನ್ನ ನೆಲೆಗೆ ಒಂಬತ್ತು ಮುತ್ತಿಗೆ. ಒಂಬತ್ತಕ್ಕೂ ಗುಂಡ ಬಂದಿದ್ದಾನೆ. ಅವನ ಹಾಡಿಯಲ್ಲಿ ಸಿಗ್ನಲ್ ಇಲ್ಲ. ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿ ಮೇಲೆ ಕುಳಿತರೆ ಮಾತ್ರ. ಆ ಒಂಬತ್ತರಲ್ಲಿ ಒಂದು ದಿನ ಮೈಯಲ್ಲಿ ಜ್ವರ. ಜನವರಿಯಲ್ಲಿ ಕೊಡಗಿಗೆ ಕಾಫಿ ಕುಯ್ಯಲು ಹೋಗಿದ್ದಾಗ ಎಸ್ಟೇಟಿನ ಕೂಲಿ ಲೈನಿನಿಂದ ಎರಡು ಮೈಲಿ ನಡೆದು ಟಾರು ರಸ್ತೆಗೆ ಬಂದು, ಮೋರಿಯ ಮೇಲೆ ಕುಳಿತು ನಿನ್ನ ಪಶ್ಚಿಮದ ಬಾಗಿಲು ಕಾದ. ಆ ದಿನ ನೀನು ನಾಲ್ಕು ಸಲ ಬಿದ್ದೆ. ನಾಲ್ಕು ಸಲವೂ ನಿನ್ನನ್ನು ಎತ್ತಿ ನಿಲ್ಲಿಸಿದವನು ಅವನು. ನನ್ನದಕ್ಕೆ ಬಂದ, ಜಯರಾಮನದಕ್ಕೆ ಬಂದ. ಅವನಿಗೆಂದು ನಾವು ಯಾರೂ ಹೋಗಿರಲಿಲ್ಲ, ಯಾಕೆಂದರೆ ಅವನು ನೆಲೆಯನ್ನೇ ಕಟ್ಟಿರಲಿಲ್ಲ. “ನಂಗ್ಯಾಕಕ್ಕ, ನಿಮ್ದೇ ಐತಲ್ಲ” ಎನ್ನುತ್ತಿದ್ದ.

ಏಪ್ರಿಲ್ ಹದಿನಾರಕ್ಕೆ ಕಟ್ಟಲು ಶುರು ಮಾಡಿದ. ಅದು ಎಂಥ ನೆಲೆ ಎಂದು ನಿನಗೆ ಗೊತ್ತು. ಸುಕನ್ಯಳಿಗೆ ಗೊತ್ತಿಲ್ಲ. ಗುಂಡ ಹುಟ್ಟುವ ಮುಂಚೆ ಅವರ ಹಾಡಿ ಕಾಡಿನ ಒಳಗಿತ್ತು. ಅಲ್ಲಿಂದ ಎಬ್ಬಿಸಿ ಈಗಿರುವ ಜಾಗಕ್ಕೆ ತಂದು ಬಿಟ್ಟರು. ಹಳೆಯ ಹಾಡಿಯನ್ನು ಕಣ್ಣಾರೆ ಕಂಡವಳು ಅವನ ಮನೆಯಲ್ಲಿ ಅಜ್ಜಿ ಪುಟ್ಟಮಾದಮ್ಮ ಒಬ್ಬಳೇ. ಅವಳನ್ನು ಟ್ಯಾಂಕಿನ ಕೆಳಗಿನ ಮೆಟ್ಟಿಲ ಮೇಲೆ ಕೂರಿಸಿ, ತಾನು ಮೇಲೆ ಕುಳಿತು, ಅವಳು ಹೇಳಿದ ಹಾಗೆ ಒಂದೊಂದೇ ಮನೆ ಕಟ್ಟಿದ. ಮಾರನ ಮನೆ ಇಲ್ಲಿ, ಕರಿಯನದು ಅದರ ಬಲಕ್ಕೆ, ನಡುವೆ ದೇವರ ಕಲ್ಲು, ಹಳ್ಳಕ್ಕೆ ಇಳಿಯುವ ದಾರಿ. ಕಲ್ಲು ಎರಡು ಮಾರು ಆಚೆಗಿರಬೇಕು ಎಂದು ಅಜ್ಜಿ ಹಟ ಹಿಡಿದಳೆಂದು ಅದನ್ನು ಮೂರು ಸಲ ಕಿತ್ತು ನೆಟ್ಟ. ಹದಿನೇಳು ಮನೆ. ಪಟ್ಟಿ ನನ್ನ ಪುಸ್ತಕದಲ್ಲಿದೆ, ಹೆಸರು ಸಮೇತ.

ಅರವತ್ತನೆಯ ದಿನ ಎಂದರೆ ಮೊನ್ನೆ ಭಾನುವಾರ, ಹದಿನೈದನೇ ತಾರೀಕು, ಸಂಜೆ ನಾಲ್ಕು. ಬೆರಳು ಮಡಿಸಿ ಎಣಿಸುವಷ್ಟು ಲೆಕ್ಕ ನಿನಗೆ ಬರುತ್ತದೆ.

ನಾನು ಮಿಲ್ಲಿನ ಬೆಲ್ಟ್ ಬಿಚ್ಚಿಸಿ ಬಾಗಿಲು ಹಾಕಿ ಕುಳಿತೆ. ಜಯರಾಮ ಭೇರ್ಯದಲ್ಲಿ ಬಾಡಿಗೆ ಬಿಟ್ಟು ಆಟೋದಲ್ಲೇ ಕುಳಿತಿದ್ದ. ಹಾಡಿಯ ಕಡೆ ಜಿಟಿಜಿಟಿ ಮಳೆ ಬೇರೆ. ಗುಂಡ ತಲೆಗೆ ಗೊಬ್ಬರದ ಚೀಲ ಹೊದ್ದುಕೊಂಡಿದ್ದನಂತೆ. ಅಜ್ಜಿ ಅವತ್ತು ಕೆಳಗೆ ಕೂರಲು ಒಪ್ಪದೆ ಅವನ ಪಕ್ಕಕ್ಕೇ ಹತ್ತಿ ಬಂದಿದ್ದಳು. ಉತ್ತರದ ಬಾಗಿಲು ನಿನ್ನದು. ನೀನು ಬರಲಿಲ್ಲ. ಖಾಲಿ ಜಾಗಕ್ಕೆ ಆಟವೇ ಒಂದು ಯಂತ್ರದ ಸಿಪಾಯಿಯನ್ನು ಕೊಟ್ಟಿತು. ಅದು ಬೆನ್ನು ಹುಳುಗಳ ಕಡೆಗೆ ಮಾಡಿ ನಮ್ಮದೇ ಗೋಡೆಗೆ ಗುಂಡು ಹೊಡೆಯುತ್ತಾ ನಿಂತಿತ್ತು.

ಇಪ್ಪತ್ತೆರಡು ನಿಮಿಷ ತಡೆದೆವು. ಇನ್ನು ಎಂಟೇ ನಿಮಿಷ. “ಅಕ್ಕ, ಉತ್ತರದ್ ಬಾಗ್ಲು ಓಯ್ತು ಕಣಕ್ಕ, ನಾ ಬುಟ್ಟೋದ್ರೆ ಇದೂ ಓಯ್ತದೆ” ಎಂದು ಜಯರಾಮ ಕೂಗಿದ. ಆಮೇಲೆ ಮನೆಗಳಿಗೆ ಬೆಂಕಿ. ಗುಂಡನ ಮೈಕಿನಲ್ಲಿ ಅಜ್ಜಿಯ ದನಿ ಕೇಳುತ್ತಿತ್ತು. ಅಳಲಿಲ್ಲ ಆಕೆ. ಒಂದೊಂದು ಮನೆ ಹತ್ತಿಕೊಂಡಾಗಲೂ ಯಾರದೆಂದು ಹೇಳುತ್ತಿದ್ದಳು, ಕಟ್ಟುವಾಗ ಹೇಳಿದ್ದಳಲ್ಲ, ಅದೇ ವರಸೆಯಲ್ಲಿ. ಮಾರನ್ದು. ಕರಿಯನ್ದು. ಹನ್ನೊಂದನೆಯ ಮನೆಯವರೆಗೆ ಹೇಳಿದಳು. ಆಮೇಲೆ, “ಸಾಕು ಬುಡು ಮಗ, ಇಳಿ ಕೆಳಕೆ, ನೆನೀತಿದ್ದೀಯೆ” ಎಂದಳು.

ಆ ಹೊತ್ತಿನಲ್ಲಿ ನೀನು ಎಲ್ಲಿದ್ದೆ? ನಿದ್ದೆಯಲ್ಲಿದ್ದೆಯಾ, ಅಂಗಡಿಯಲ್ಲಿ ಗಿರಾಕಿ ಇದ್ದರಾ? ನಿನ್ನ ಹೆಸರು ನನ್ನ ಪರದೆಯ ಮೂಲೆಯಲ್ಲಿ ಹಸಿರಾಗಿ ಉರಿಯುತ್ತಿತ್ತು. ಅದೇ ಆಟದಲ್ಲಿದ್ದೆ. ಹೆಸರೂ ಗೊತ್ತಿಲ್ಲದ ಮೂರು ಜನರ ಜೊತೆ, ಅವರ ಪದವಿ ದೊಡ್ಡದೆಂಬ ಒಂದೇ ಕಾರಣಕ್ಕೆ, ಅವರ ಬಾಗಿಲು ಕಾಯುತ್ತಿದ್ದೆ. ಅವರಲ್ಲಿ ಒಬ್ಬನಾದರೂ ನಿನ್ನನ್ನು ಎತ್ತಿ ನಿಲ್ಲಿಸಿದನೇ?

ಜಯರಾಮ ಕೇಳಿದ್ದಕ್ಕೆ ನೀನು ಕೊಟ್ಟ ಉತ್ತರವೂ ನನಗೆ ಬಂದಿದೆ: “ಅದೊಂದು ಆಟ ಕಣ್ಲಾ, ಅಕ್ಕನ್ಗೇನಾಗೈತೆ? ನಂಗ್ಯಾರ್ ಏಳಿದ್ರು?” ಆಟವಂತೆ. ಸಂಕ್ರಾಂತಿಗೆ ನಿನ್ನ ನೆಲೆಯ ಒಂದೇ ಒಂದು ಗೋಪುರ ಬಿದ್ದಾಗ ಎರಡು ಹೊತ್ತು ಊಟ ಬಿಟ್ಟವನು ಯಾರು? ಸುಕನ್ಯ, ಅವತ್ತು ಹೊಟ್ಟೆನೋವು ಅಂತ ನಿನಗೆ ಹೇಳಿದ್ದನಲ್ಲ, ಅದು ಇದು.

ಸೋಮವಾರ ಗುಂಡ ನನಗೆ ಮೆಸೇಜ್ ಕಳಿಸಿದ. “ಬುಡಿ ಅಕ್ಕ. ಅಜ್ಜಿ ಒಂದ್ಸಲ ನೋಡ್ದಂಗಾಯ್ತಲ್ಲ. ಅಣ್ಣನ್ಗೆ ಏನೂ ಅನ್ಬೇಡಿ.” ಅವನು ಒಂದು ಕೆಟ್ಟ ಮಾತು ಆಡಿದ್ದರೂ ನನಗೆ ಸಮಾಧಾನವಾಗುತ್ತಿತ್ತು. ಅದರ ನಂತರ ಅವನ ಹೆಸರು ಹಸಿರಾಗಿಲ್ಲ. ಎರಡು ದಿನದಿಂದ ನೋಡುತ್ತಿದ್ದೇನೆ.

ನೀನು ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ಹೇಳಿಸಿಕೊಂಡು ಮಾಡುವ ವಯಸ್ಸು ನಿನ್ನದಲ್ಲ. ನನ್ನ ನೆಲೆಯ ಮುತ್ತಿಗೆ ಜುಲೈ ಆರಕ್ಕೆ. ನೀನು ಬರಬೇಡ. ಆ ಬಾಗಿಲಿಗೆ ಯಂತ್ರದ ಸಿಪಾಯಿಯೇ ಸಾಕು. ಕನಿಷ್ಠ ಅದು ಬರುತ್ತೇನೆಂದು ನಂಬಿಸುವುದಿಲ್ಲ.

ಸುಕನ್ಯಳನ್ನು ಕೇಳಿದೆನೆಂದು ಹೇಳು. ಅವಳ ಮೇಲೆ ಸಿಟ್ಟಿಲ್ಲ.

ಸಿಟ್ಟಿನಲ್ಲಿರುವ ನಿನ್ನ ಅಕ್ಕ,
ಭಾಗ್ಯ

ಮತ್ತೆ ಬರೆದದ್ದು, ಗುರುವಾರ ಬೆಳಿಗ್ಗೆ:

ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ನಿನಗೆ ಯಾರು ಹೇಳಿದರು ಎಂದು ಕೇಳಿದೆಯಲ್ಲ, ಅದಕ್ಕೆ ಮೇಲೆ ನಾನು ಉತ್ತರ ಬರೆದಿಲ್ಲ.

ಮುತ್ತಿಗೆಗೆ ಮೂರು ದಿನ ಮುಂಚೆ ಗುಂಡ ನನಗೆ ಫೋನ್ ಮಾಡಿದ್ದ. ಅವನದು ಮೊದಲನೇ ಸರದಿ, ಬಾಯಿಬಿಟ್ಟು ಕೇಳಲು ಸಂಕೋಚ. “ಅಣ್ಣನ್ಗೆ ನೀವೇ ಒಂದ್ ಮಾತು ಏಳ್ಬುಡಿ ಅಕ್ಕ” ಎಂದ. ಹೇಳ್ತೀನಿ ಬುಡು ಎಂದೆ. ಹೇಳಲಿಲ್ಲ. ನೆನಪಿತ್ತು. ಒಂಬತ್ತು ಸಲ ಮುಯ್ಯಿ ತಿಂದವನು ತಾನಾಗಿ ಬರುತ್ತಾನೋ ಇಲ್ಲವೋ, ನೋಡೇಬಿಡೋಣ ಅನ್ನಿಸಿತು. ಭಾನುವಾರ ನಾಲ್ಕಕ್ಕೆ ಐದು ನಿಮಿಷ ಇದ್ದಾಗಲೂ ನಿನ್ನ ಹೆಸರು ಹಸಿರಾಗಿತ್ತು, ಫೋನು ಕೈಯಲ್ಲಿತ್ತು. ಒತ್ತಲಿಲ್ಲ. ನಿನ್ನನ್ನು ಪರೀಕ್ಷೆ ಮಾಡಲು ಆ ಅಜ್ಜಿಯ ಹಾಡಿಯನ್ನು ಪಣಕ್ಕಿಟ್ಟೆ. ನನ್ನದನ್ನು ಇಡಬಹುದಿತ್ತು.

ಗುಂಡ ಈಗಲೂ ನಿನಗೆ ಗೊತ್ತಿದ್ದೂ ಬರಲಿಲ್ಲ ಎಂದೇ ತಿಳಿದಿದ್ದಾನೆ. ಅವನ ಮೆಸೇಜಿಗೆ ನಾನು ಉತ್ತರ ಕೊಟ್ಟಿಲ್ಲ.

ಈ ಭಾನುವಾರ ಬೇಗೂರಿಗೆ ಹೋಗುತ್ತೇನೆ. ಹದಿನೇಳು ಹೆಸರಿನ ಪಟ್ಟಿ ನನ್ನ ಹತ್ತಿರ ಇದೆ, ಅಜ್ಜಿ ಒಪ್ಪಿದರೆ ಮೊದಲಿಂದ ಕಟ್ಟಬಹುದು ಎಂದು ಕೇಳುತ್ತೇನೆ. ಒಪ್ಪದಿದ್ದರೆ ಒಪ್ಪಲಿಲ್ಲ. ಅದಕ್ಕೂ ಮೊದಲು ತಪ್ಪು ಯಾರದೆಂದು ಹೇಳಬೇಕು. ಹನ್ನೊಂದು ಗಂಟೆಗೆ ಹ್ಯಾಂಡ್‌ಪೋಸ್ಟಿನಲ್ಲಿ ಇಳಿದು ಬೇಗೂರಿನ ಬಸ್ಸಿಗೆ ಕಾಯುತ್ತೇನೆ. ನೀನೂ ಬಾ, ಸುನೀಲ. ಒಬ್ಬಳೇ ಆ ಟ್ಯಾಂಕಿನ ಹತ್ತಿರ ಹೋಗಿ ನಿಲ್ಲಲು ನನಗೆ ಧೈರ್ಯ ಸಾಲುತ್ತಿಲ್ಲ.